ಮಾಂಟ್‌ಮೊರೆನ್ಸಿ ಮನೆತನದ ಹೆಸರು ಮತ್ತು ಲಾಂಛನ: ಒಂದು ವಿವೇಚನೆ

ಪ್ಯಾರಿಸ್ ನಗರದ ಉತ್ತರಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿ, ಕಾಡಿನಂಚಿನ ದಿಬ್ಬವೊಂದರ ಮೇಲೆ ಮಾಂಟ್‌ಮೊರೆನ್ಸಿ ಎಂಬ ಪುಟ್ಟ ಪಟ್ಟಣವಿದೆ. ಫ್ರೆಂಚರ ಉಚ್ಚಾರಣೆಯಲ್ಲಿ ಅದು ‘ಮೊಂಮೊರಾನ್ಸಿ’ ಎಂಬುದಕ್ಕೆ ಸಮೀಪವಾದರೂ, ಭಾರತದಲ್ಲಿ ಇಂಗ್ಲಿಷಿನ ಮೂಲಕ ರೂಢವಾದ ರೂಪವನ್ನೇ ಇಲ್ಲಿ ಬಳಸಲಾಗಿದೆ. ಈ ಊರಿನ ಹೆಸರನ್ನು ಹೊತ್ತ ಮನೆತನವು ಫ್ರಾನ್ಸಿಗೆ ಆರು ಮಂದಿ ಕಾನ್‌ಸ್ಟೇಬಲ್‌ಗಳನ್ನೂ ಹನ್ನೆರಡು ಮಂದಿ ಮಾರ್ಷಲ್‌ಗಳನ್ನೂ ಕೊಟ್ಟಿತೆಂದು ವಂಶಾವಳಿಕಾರರು ಲೆಕ್ಕ ಹಾಕಿದ್ದಾರೆ. ಕಾನ್‌ಸ್ಟೇಬಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಪೊಲೀಸ್ ಠಾಣೆಯ ಪೇದೆ ಬಂದು ನಿಲ್ಲುವುದು ಸಹಜ. ಆದರೆ ‘ಕೋಮೆಸ್ ಸ್ಟಾಬುಲಿ’ ಎಂಬ ಲ್ಯಾಟಿನ್ ಪದವಿಯಿಂದ ಹುಟ್ಟಿದ ಈ ಶಬ್ದದ ಮೂಲಾರ್ಥ ಲಾಯದ ಮೇಲಧಿಕಾರಿ ಎಂದು. ನಮ್ಮ ಶಾಸನಗಳ ‘ಸಾಹಣಿ’ ಎಂಬ ಪದಕ್ಕೆ ಅದು ತೀರ ಹತ್ತಿರವಾದುದು. ಫ್ರಾನ್ಸಿನಲ್ಲಿ ಆ ಪದವಿ ಕ್ರಮೇಣ ಬೆಳೆದು ರಾಜನ ಅನಂತರದ ಮಹಾದಂಡನಾಯಕನ ಸ್ಥಾನವಾಯಿತು.

ಇಂತಹ ಮನೆತನದ ಹೆಸರು ಎಲ್ಲಿಂದ ಬಂದಿತು, ಅದರ ಗುರಾಣಿಯ ಮೇಲಿನ ಹದಿನಾರು ಹಕ್ಕಿಗಳು ಯಾವುವು ಎಂಬ ಎರಡು ಪ್ರಶ್ನೆಗಳು ಮೇಲ್ನೋಟಕ್ಕೆ ಕೇವಲ ಕುತೂಹಲದವೆಂದು ತೋರಬಹುದು. ಆದರೆ ಈ ಹೆಸರಿಗಾಗಿ ಜನರು ನ್ಯಾಯಾಲಯದ ಮೆಟ್ಟಿಲೇರಿದ್ದಾರೆ, ಗ್ರಂಥಗಳನ್ನು ರಚಿಸಿದ್ದಾರೆ, ಹುಸಿ ವಂಶವೃಕ್ಷಗಳನ್ನು ನೆಟ್ಟು ನೀರೆರೆದಿದ್ದಾರೆ. ಒಂದು ಸರ್ಕಾರ ಅದನ್ನು ಊರಿನಿಂದಲೇ ಅಳಿಸಿಹಾಕಿದೆ. ಆದ್ದರಿಂದ ಯಾವುದು ದಾಖಲೆ, ಯಾವುದು ಐತಿಹ್ಯ ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯವಾಗಿದೆ.

ಮೊದಲು ಹೆಸರನ್ನೇ ಪರಿಶೀಲಿಸಬಹುದು. ಮಧ್ಯಯುಗದ ಲ್ಯಾಟಿನ್ ದಾಖಲೆಗಳಲ್ಲಿ ಈ ಸ್ಥಳವು ‘ಮೋನ್ಸ್ ಮೌರೆನ್ಷಿಯಾಕುಸ್’ ಎಂದು ಕಾಣಿಸಿಕೊಳ್ಳುತ್ತದೆ. ಮೋನ್ಸ್ ಎಂದರೆ ಬೆಟ್ಟ. ಉಳಿದ ಭಾಗದಲ್ಲಿ ಮೌರೆನ್ಷಿಯುಸ್ ಎಂಬ ರೋಮನ್ ಕಾಲದ ವ್ಯಕ್ತಿನಾಮವೂ ‘ಆಕುಮ್’ ಎಂಬ ಪ್ರತ್ಯಯವೂ ಸೇರಿವೆ. ಈ ಪ್ರತ್ಯಯ ಗಾಲ್ ದೇಶದ ಕೆಲ್ಟಿಕ್ ಭಾಷೆಯಿಂದ ಬಂದು ರೋಮನ್ನರ ಆಳ್ವಿಕೆಯಲ್ಲಿ ಜಮೀನುದಾರನ ಹೆಸರಿಗೆ ಅಂಟಿಕೊಂಡು ‘ಇಂಥವನ ಭೂಮಿ’ ಎಂಬ ಅರ್ಥ ಕೊಡುತ್ತಿತ್ತು. ಫ್ರಾನ್ಸಿನ ದಕ್ಷಿಣದಲ್ಲಿ ಅದು ‘ಆಕ್’ ಎಂದು ಉಳಿದರೆ, ಪ್ಯಾರಿಸ್ ಸುತ್ತಲಿನ ಉತ್ತರ ಪ್ರದೇಶದಲ್ಲಿ ಸವೆದು ‘ಇ’ಕಾರವಾಯಿತು. ಒಂದೇ ಮೂಲದ ಸಾವಿನ್ಯಾಕ್, ಸಾವಿನ್ಯಿ ಎಂಬ ಊರುಗಳು ಇದಕ್ಕೆ ನಿದರ್ಶನ. ಹೀಗೆ ಮಾಂಟ್‌ಮೊರೆನ್ಸಿ ಎಂದರೆ ‘ಮೌರೆನ್ಷಿಯುಸನ ಜಮೀನಿನ ಬೆಟ್ಟ’ ಎಂದಷ್ಟೇ ಅರ್ಥ. ಆ ಮೌರೆನ್ಷಿಯುಸನಿಗೂ ಮುಂದೆ ಆ ಬೆಟ್ಟದ ಹೆಸರಿನಿಂದ ಜಗತ್ಪ್ರಸಿದ್ಧರಾದವರಿಗೂ ರಕ್ತಸಂಬಂಧವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಹೊಲಗದ್ದೆಯನ್ನು ಹೊಂದಿದ್ದ ಒಬ್ಬ ಸಾಮಾನ್ಯ ಭೂಮಾಲೀಕನ ನೆನಪು, ಅವನನ್ನು ಯಾರೂ ನೆನೆಯದಿದ್ದರೂ, ಯುರೋಪಿನ ಅತ್ಯಂತ ಗರ್ವದ ಹೆಸರೊಂದರೊಳಗೆ ಹುದುಗಿಕೊಂಡು ಉಳಿದಿದೆ.

ಊರ ಹೆಸರು ಮನೆತನದ ಹೆಸರಾಗುವುದು ಕನ್ನಡಿಗರಿಗೆ ಹೊಸತಲ್ಲ. ಫ್ರಾನ್ಸಿನಲ್ಲಿ ಅದು ನಡೆದ ಬಗೆ ಮಾತ್ರ ತುಸು ಬೇರೆ. ಕ್ರಿ.ಶ. 1000ಕ್ಕಿಂತ ಮುಂಚೆ ಅಲ್ಲಿನ ಗಣ್ಯರಿಗೂ ಒಂದೇ ಹೆಸರು. ಕುಲವನ್ನು ಗುರುತಿಸುತ್ತಿದ್ದುದು ಮಕ್ಕಳಿಗೆ ಮತ್ತೆ ಮತ್ತೆ ಇಡುತ್ತಿದ್ದ ಅದೇ ಹೆಸರುಗಳಿಂದ. ಈ ಮನೆತನದಲ್ಲಿ ಹಾಗೆ ಮರಳಿ ಮರಳಿ ಬರುವ ಹೆಸರು ಬುಷಾರ್. ಹನ್ನೊಂದನೆಯ ಶತಮಾನದಲ್ಲಿ ಕಲ್ಲಿನ ಕೋಟೆಗಳು ಹೆಚ್ಚಿದವು. ಜಹಗೀರು ತಂದೆಯಿಂದ ಹಿರಿಯ ಮಗನಿಗೆ ಸಾಗುವ ಪದ್ಧತಿ ಗಟ್ಟಿಯಾಯಿತು. ಕೋಟೆಯ ಹೆಸರು ಒಡೆಯನ ಹೆಸರಿಗೆ ತಗುಲಿಕೊಂಡಿತು. ಆಗ ‘ದ’ ಎಂಬ ಉಪಸರ್ಗಕ್ಕೆ ‘ಇಂಥ ಸ್ಥಳದ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿರಲಿಲ್ಲ. ಫ್ರೆಂಚ್ ಹೆಸರಿನ ನಡುವೆ ‘ದ’ ಇದ್ದರೆ ಆತ ಶ್ರೀಮಂತ ವರ್ಗದವನೇ ಎಂಬ ನಂಬಿಕೆ ಇಂದಿಗೂ ವ್ಯಾಪಕವಾಗಿದ್ದರೂ ಅದು ತಪ್ಪು. ಎಷ್ಟೋ ರೈತ ಕುಟುಂಬಗಳ ಹೆಸರಿನಲ್ಲಿ ಅದಿದೆ, ಎಷ್ಟೋ ಪ್ರಾಚೀನ ಕುಲೀನ ಮನೆತನಗಳ ಹೆಸರಿನಲ್ಲಿ ಅದಿಲ್ಲ.

ದಾಖಲೆಗಳಲ್ಲಿ ಖಚಿತವಾಗಿ ಕಾಣುವ ಪೂರ್ವಜರಲ್ಲಿ ‘ಗಡ್ಡದ ಬುಷಾರ್’ ಎಂಬುವನು ಮುಖ್ಯನಾದವನು. ಸೇನ್ ನದಿಯ ನಡುಗಡ್ಡೆಯಲ್ಲಿ, ಸೇಂಟ್ ಡೆನಿಸ್ ಮಠಕ್ಕೆ ತಾಗಿಕೊಂಡಂತೆ ಅವನ ಕೋಟೆಯಿತ್ತು. ಫ್ರೆಂಚ್ ರಾಜರ ಸಮಾಧಿಗಳಿರುವ ಆ ಮಠದ ಭೂಮಿಯ ಮೇಲೆ ಅವನು ನಡೆಸುತ್ತಿದ್ದ ಹಾವಳಿಯನ್ನು ತಾಳಲಾರದೆ ಮಠಾಧಿಪತಿ ರಾಜನ ಮೊರೆಹೊಕ್ಕನು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ರಾಜ ಎರಡನೆಯ ರಾಬರ್ಟನು ನಡುಗಡ್ಡೆಯ ಕೋಟೆಯನ್ನು ಕೆಡವಿಸಿ, ಅದಕ್ಕೆ ಬದಲಾಗಿ ಮಾಂಟ್‌ಮೊರೆನ್ಸಿಯ ದಿಬ್ಬದ ಮೇಲೆ ಕೋಟೆ ಕಟ್ಟಿಕೊಳ್ಳಲು ಅನುಮತಿಯಿತ್ತನು. ಅಂದರೆ ಈ ಮನೆತನಕ್ಕೆ ಅದರ ಹೆಸರು ದೊರೆತದ್ದು ಒಂದು ಜಗಳದ ರಾಜಿಯಿಂದ. ಮಠದಿಂದ ಅವರನ್ನು ದೂರವಿಡುವ ಉಪಾಯವಾಗಿ. ಉಪಾಯ ಪೂರ್ತಿ ಫಲಿಸಲಿಲ್ಲ. ಶತಮಾನದ ಬಳಿಕ, 1101ರಲ್ಲಿ, ನಾಲ್ಕನೆಯ ಬುಷಾರನಿಗೂ ಮಠಾಧಿಪತಿ ಆದಾಮನಿಗೂ ಮತ್ತೆ ವ್ಯಾಜ್ಯ ಹುಟ್ಟಿ, ಮುಂದೆ ಆರನೆಯ ಲೂಯಿ ಎನಿಸಿದ ರಾಜಕುಮಾರನೇ ದಂಡೆತ್ತಿ ಹೋಗಿ ಅವನನ್ನು ಮಣಿಸಬೇಕಾಯಿತು. ಈ ಪ್ರಸಂಗವನ್ನು ಸೇಂಟ್ ಡೆನಿಸ್ ಮಠದ ಪ್ರಸಿದ್ಧ ಅಧಿಪತಿ ಸೂಜೆರ್ ತಾನು ಬರೆದ ಆರನೆಯ ಲೂಯಿಯ ಚರಿತ್ರೆಯಲ್ಲಿ ವಿವರಿಸಿದ್ದಾನೆ. ಅದು ಮಠದವರ ಬರವಣಿಗೆ. ಬುಷಾರನ ಪಕ್ಷದ ಮಾತು ಅದರಲ್ಲಿ ಸಿಗುವುದಿಲ್ಲ ಎಂಬುದನ್ನು ಓದುಗರು ಮರೆಯಬಾರದು.

ಇಂತಹ ಪುಂಡ ಪಾಳೆಯಗಾರರ ಸಂತತಿಯೇ ಕೆಲವು ತಲೆಮಾರುಗಳಲ್ಲಿ ಸಿಂಹಾಸನದ ಆಧಾರಸ್ತಂಭವಾಯಿತು. ಮೊದಲನೆಯ ಮಾಥ್ಯೂ ಕಾನ್‌ಸ್ಟೇಬಲ್ ಪದವಿಗೇರಿದ್ದಲ್ಲದೆ, ಆರನೆಯ ಲೂಯಿಯ ವಿಧವೆ ಅಡಲೇಡಳನ್ನೇ ವಿವಾಹವಾದನು. ರಾಜನ ದಂಡಿಗೆ ಸೋತವನ ವಂಶದವನು ಅದೇ ರಾಜನ ರಾಣಿಯ ಕೈಹಿಡಿದ. ಮನೆತನ ದೊಡ್ಡದಾದಂತೆ ಅದಕ್ಕೆ ತಕ್ಕ ಮೂಲವೂ ಬೇಕಾಯಿತು. ಜಗಳದ ರಾಜಿಯಲ್ಲಿ ದೊರೆತ ದಿಬ್ಬದ ಕಥೆ ಸಾಲದೆ ಹೋಯಿತು.

‘ಮೊದಲ ಕ್ರೈಸ್ತ ಸಾಮಂತನನ್ನು ದೇವರು ಕಾಯಲಿ’ ಎಂಬ ಅರ್ಥದ ಘೋಷವಾಕ್ಯವನ್ನು ಮಾಂಟ್‌ಮೊರೆನ್ಸಿಗಳು ತಮ್ಮದಾಗಿಸಿಕೊಂಡರು. ಇದಕ್ಕೆ ಎರಡು ಐತಿಹ್ಯಗಳು ಹುಟ್ಟಿದವು. ಪ್ಯಾರಿಸಿನ ಮೊದಲ ಧರ್ಮಾಧ್ಯಕ್ಷನಾದ ಸಂತ ಡೆನಿಸನಿಂದ ದೀಕ್ಷೆ ಪಡೆದು ಹುತಾತ್ಮನಾದ ಲಿಸ್ಬಿಯುಸ್ ಎಂಬುವನೇ ಕುಲದ ಮೂಲಪುರುಷ ಎಂಬುದು ಒಂದು. ಫ್ರಾಂಕರ ದೊರೆ ಕ್ಲೋವಿಸನು ರೀಮ್ಸ್ ನಗರದಲ್ಲಿ ದೀಕ್ಷಾಸ್ನಾನ ಮಾಡಿದಾಗ ಅವನ ಹಿಂದೆಯೇ ಕೊಳಕ್ಕಿಳಿದ ಮೊದಲ ಸರದಾರ ಈ ವಂಶದವನು ಎಂಬುದು ಇನ್ನೊಂದು. ಕ್ಲೋವಿಸನ ದೀಕ್ಷೆ ನಡೆದದ್ದು ಐದನೆಯ ಶತಮಾನದ ಕೊನೆ ಅಥವಾ ಆರನೆಯದರ ಆರಂಭದಲ್ಲಿ. ಗಡ್ಡದ ಬುಷಾರನಿಗೂ ಅದಕ್ಕೂ ನಡುವೆ ಐನೂರು ವರ್ಷಗಳ ಅಂತರವಿದೆ. ಆ ಅಂತರವನ್ನು ತುಂಬುವ ಒಂದು ದಾನಪತ್ರವೂ ಇಲ್ಲ. ಪ್ಯಾರಿಸ್ ಸುತ್ತಲಿನ ರಾಜರ ಖಾಸಾ ಸೀಮೆಯ ಸಾಮಂತರಲ್ಲಿ ಮಾಂಟ್‌ಮೊರೆನ್ಸಿಯ ಒಡೆಯನೇ ಮೊದಲಿಗ ಎಂಬ ಸ್ಥಾನಮಾನದ ಮಾತು ಕ್ರಮೇಣ ಕಾಲದ ಮಾತಾಗಿ, ‘ಅಗ್ರಗಣ್ಯ’ನಾದವನು ‘ಎಲ್ಲರಿಗಿಂತ ಮುಂಚಿನವ’ನಾಗಿ ಮಾರ್ಪಟ್ಟಿರಬೇಕೆಂದು ಊಹಿಸುವುದು ಹೆಚ್ಚು ಯುಕ್ತ. 1624ರಲ್ಲಿ ಆಂದ್ರೆ ದುಷೇನ್ ಎಂಬ ವಿದ್ವಾಂಸನು ಈ ಮನೆತನದ ಬೃಹತ್ ವಂಶಚರಿತ್ರೆಯನ್ನು ಪ್ರಕಟಿಸಿದನು. ದಾನಪತ್ರಗಳನ್ನೂ ಮುದ್ರೆಗಳನ್ನೂ ಮೂಲದಲ್ಲಿ ನೋಡಿ ಪ್ರಮಾಣಗಳನ್ನು ಗ್ರಂಥದಲ್ಲಿಯೇ ಮುದ್ರಿಸಿದ ಅವನ ಪದ್ಧತಿ ಫ್ರೆಂಚ್ ವಂಶಾವಳಿ ಶಾಸ್ತ್ರಕ್ಕೆ ಹೊಸ ದಾರಿ ತೋರಿತು.

ಇನ್ನು ಲಾಂಛನದ ವಿಚಾರ. ನಮ್ಮ ಶಾಸನಗಳಲ್ಲಿ ಬರುವ ಲಾಂಛನವೆಂಬುದು ಮುಖ್ಯವಾಗಿ ರಾಜವಂಶದ ಗುರುತು. ಯುರೋಪಿನ ವಂಶಲಾಂಛನವಾದರೋ ಹನ್ನೆರಡನೆಯ ಶತಮಾನದ ಎರಡನೆಯ ಪಾದದಿಂದೀಚೆಗೆ, ಮೈತುಂಬ ಕವಚ ತೊಟ್ಟು ಮುಖ ಮರೆಯಾದ ಕುದುರೆ ಸವಾರರನ್ನು ರಣರಂಗದಲ್ಲಿಯೂ ಕಾಳಗದ ಪಂದ್ಯಗಳಲ್ಲಿಯೂ ಗುರುತಿಸುವ ಅಗತ್ಯದಿಂದ ಹುಟ್ಟಿ, ಬಹುಬೇಗ ಆನುವಂಶಿಕ ಸ್ವತ್ತಾಯಿತು. ಅದಕ್ಕೆ ತನ್ನದೇ ವ್ಯಾಕರಣವಿದೆ. ಚಿನ್ನ (ಹಳದಿ), ಬೆಳ್ಳಿ (ಬಿಳುಪು) ಇವು ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು ಇವು ಬಣ್ಣಗಳು. ಲೋಹದ ಮೇಲೆ ಲೋಹವನ್ನಾಗಲಿ ಬಣ್ಣದ ಮೇಲೆ ಬಣ್ಣವನ್ನಾಗಲಿ ಇಡಬಾರದೆಂಬುದು ಮೂಲ ನಿಯಮ. ದೂರದಿಂದ ಕಾಣಬೇಕಾದ ಗುರುತಿಗೆ ಇದು ಅತ್ಯಂತ ವ್ಯಾವಹಾರಿಕವಾದ ನಿಯಮವೇ ಸರಿ. ಮಾಂಟ್‌ಮೊರೆನ್ಸಿಯ ಗುರಾಣಿ ಇದನ್ನು ಚಾಚೂ ತಪ್ಪದೆ ಪಾಲಿಸುತ್ತದೆ: ಚಿನ್ನದ ನೆಲ, ಅದರ ಮೇಲೆ ಅಂಚಿನಿಂದ ಅಂಚಿಗೆ ಚಾಚಿದ ಕೆಂಪು ಶಿಲುಬೆ, ಶಿಲುಬೆಯಿಂದ ವಿಭಾಗಗೊಂಡ ನಾಲ್ಕು ಮೂಲೆಗಳಲ್ಲಿ ನಾಲ್ಕು ನಾಲ್ಕರಂತೆ ಒಟ್ಟು ಹದಿನಾರು ನೀಲಿ ಅಲೇರಿಯನ್ ಹಕ್ಕಿಗಳು.

ಅಲೇರಿಯನ್ ಎಂದರೆ ಕೊಕ್ಕು ಮತ್ತು ಕಾಲುಗಳಿಲ್ಲದೆ ರೆಕ್ಕೆ ಬಿಚ್ಚಿ ನಿಂತ ಪುಟ್ಟ ಗರುಡ. ಈ ಪದವು ‘ಕುಲೀನ ಗರುಡ’ ಎಂಬ ಅರ್ಥದ ಪ್ರಾಚೀನ ಫ್ರಾಂಕಿಷ್ ಶಬ್ದದಿಂದ ಬಂದಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಜರ್ಮನ್ ಭಾಷೆಯಲ್ಲಿ ಗರುಡನಿಗೆ ಇರುವ ‘ಆಡ್ಲರ್’ ಎಂಬ ಪದವೂ ಅದೇ ಕುಲದ್ದು. ಕೊಕ್ಕೂ ಕಾಲೂ ಏಕಿಲ್ಲ ಎಂಬ ಪ್ರಶ್ನೆಗೆ, ಸೋತು ಅಂಗಹೀನನಾದ ಶತ್ರುವನ್ನು ಸೂಚಿಸಲೆಂದು ನಂತರದ ಲಾಂಛನಕಾರರು ವ್ಯಾಖ್ಯಾನಿಸಿದರು. ಒಂದು ಸಣ್ಣ ಮೂಲೆಯಲ್ಲಿ ಹಲವು ಹಕ್ಕಿಗಳನ್ನು ಬಿಡಿಸಬೇಕಾದ ಮುದ್ರೆ ಕೆತ್ತುವವನ ಕಷ್ಟವನ್ನು ನೆನೆದರೆ ಅಷ್ಟು ದೂರ ಹೋಗುವ ಅಗತ್ಯವಿಲ್ಲವೆನಿಸುತ್ತದೆ.

ಹಕ್ಕಿಗಳು ಹದಿನಾರೇ ಏಕೆ? ಇದಕ್ಕೆ ಸಂಬಂಧಿಸಿದ ಐತಿಹ್ಯ ಫ್ರೆಂಚ್ ಶಾಲಾಪುಸ್ತಕಗಳಷ್ಟೇ ಪ್ರಸಿದ್ಧವಾದುದು. 1214ರ ಜುಲೈ 27ರಂದು ಬೂವಿನ್ ಎಂಬಲ್ಲಿ ಫ್ರಾನ್ಸಿನ ದೊರೆ ಫಿಲಿಪ್ ಆಗಸ್ಟಸನು ಜರ್ಮನ್ ಸಾಮ್ರಾಟ ನಾಲ್ಕನೆಯ ಆಟೊ ಮತ್ತು ಅವನ ಮಿತ್ರರ ಸೇನೆಯನ್ನು ಸೋಲಿಸಿದನು. ಆ ಯುದ್ಧದಲ್ಲಿ ಎರಡನೆಯ ಮಾಥ್ಯೂ ದ ಮಾಂಟ್‌ಮೊರೆನ್ಸಿ ಸಾಮ್ರಾಜ್ಯದ ಹನ್ನೆರಡು ಧ್ವಜಗಳನ್ನು ಕಿತ್ತು ತಂದನೆಂದೂ, ಅಲ್ಲಿಯವರೆಗೆ ಮನೆತನದ ಗುರಾಣಿಯಲ್ಲಿ ನಾಲ್ಕು ಹಕ್ಕಿಗಳು ಮಾತ್ರ ಇದ್ದು, ದೊರೆಯು ಸಂತುಷ್ಟನಾಗಿ ಧ್ವಜಕ್ಕೊಂದರಂತೆ ಹನ್ನೆರಡು ಹಕ್ಕಿಗಳನ್ನು ಸೇರಿಸಿಕೊಳ್ಳಲು ಅಪ್ಪಣೆ ಕೊಟ್ಟನೆಂದೂ ಕಥೆ. ಸಾಮ್ರಾಟನ ಚಿಹ್ನೆಯೂ ಗರುಡನೇ ಆದುದರಿಂದ ಕಥೆಗೆ ಒಂದು ಸೊಗಸಾದ ಒಪ್ಪವೂ ಬಂದಿತು.

ಇದರಲ್ಲಿ ನಿಜವೆಷ್ಟು? ಶಾಖೆಗಳ ಲಾಂಛನಗಳನ್ನು ಹೋಲಿಸಿದರೆ ಒಂದು ಅಂಶ ಹೊಳೆಯುತ್ತದೆ. ಹನ್ನೆರಡನೆಯ ಶತಮಾನದಲ್ಲಿ, ಅಂದರೆ ಬೂವಿನ್ ಯುದ್ಧಕ್ಕಿಂತ ಮುಂಚೆ, ಮೂಲ ಮನೆಯಿಂದ ಬೇರೆಯಾದ ಮಾರ್ಲಿ ಶಾಖೆಯವರು ಚಿನ್ನದ ನೆಲದ ಮೇಲೆ ಬೆಳ್ಳಿಯ ಜಾಲರಿ ಹೊದಿಸಿದ ಕೆಂಪು ಶಿಲುಬೆಯನ್ನೂ ನಾಲ್ಕು ಮೂಲೆಗಳಲ್ಲಿ ಒಂದೊಂದೇ ಅಲೇರಿಯನ್ನನ್ನೂ ಧರಿಸಿದರು. ಎರಡನೆಯ ಮಾಥ್ಯೂವಿಗೂ ಲಾವಾಲ್ ಸೀಮೆಯ ಒಡತಿ ಎಮ್ಮಾಳಿಗೂ ಯುದ್ಧಾನಂತರ ಹುಟ್ಟಿದ ಮಗನಿಂದ ಆರಂಭವಾದ ಲಾವಾಲ್ ಶಾಖೆಯ ಗುರಾಣಿಯಲ್ಲಾದರೋ ಹದಿನಾರು ಹಕ್ಕಿಗಳಿವೆ. ಹೀಗಾಗಿ ನಾಲ್ಕರಿಂದ ಹದಿನಾರಕ್ಕೆ ಏರಿಕೆ ಆದದ್ದು ನಿಜ. ಅದು ಆ ಕಾಲದ ಆಸುಪಾಸಿನಲ್ಲಿ ಆದದ್ದೆಂಬುದಕ್ಕೂ ಬಲವಿದೆ. ಆದರೆ ಕಾಲ ಹೊಂದಿದ ಮಾತ್ರಕ್ಕೆ ಕಾರಣ ಹೊಂದಿತೆಂದು ತಿಳಿಯಲಾಗದು. ಹದಿಮೂರನೆಯ ಶತಮಾನದ ಆರಂಭದಲ್ಲಿ ಗುರಾಣಿಯ ಮೇಲಿನ ಆಕೃತಿಗಳ ಸಂಖ್ಯೆ ಇನ್ನೂ ನಿಷ್ಕರ್ಷೆಯಾಗಿರಲಿಲ್ಲ. ಬರಿದಾದ ಜಾಗವನ್ನು ಚಿಕ್ಕ ಆಕೃತಿಗಳಿಂದ ತುಂಬುವುದು ಆಗಿನ ಅಭಿರುಚಿ. ಫ್ರೆಂಚ್ ರಾಜರ ಗುರಾಣಿಯೇ ಇದಕ್ಕೆ ಸಾಕ್ಷಿ. ಅದರ ನೀಲಿ ನೆಲದ ತುಂಬ ಎಣಿಕೆಯಿಲ್ಲದೆ ಚೆಲ್ಲಿದ್ದ ಚಿನ್ನದ ಲಿಲ್ಲಿ ಹೂಗಳು ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ, ಐದನೆಯ ಚಾರ್ಲ್ಸನ ಕಾಲದಲ್ಲಿ, ಮೂರಕ್ಕೆ ಇಳಿದವು. ಹೂಗಳು ಕಡಿಮೆಯಾದುದಕ್ಕೆ ಯಾವ ಸೋಲೂ ಕಾರಣವಲ್ಲ. ಹಕ್ಕಿಗಳು ಹೆಚ್ಚಾದುದಕ್ಕೆ ಗೆಲುವೇ ಕಾರಣವಾಗಬೇಕೆಂಬ ನಿಯಮವೂ ಇಲ್ಲ. ಎರಡನೆಯ ಮಾಥ್ಯೂ ಬೂವಿನ್ ರಣರಂಗದಲ್ಲಿ ಕಾದಾಡಿದ್ದೂ 1218ರಲ್ಲಿ ಕಾನ್‌ಸ್ಟೇಬಲ್ ಆದದ್ದೂ ಇತಿಹಾಸ. ಧ್ವಜಕ್ಕೊಂದು ಹಕ್ಕಿಯೆಂಬ ಲೆಕ್ಕ, ಹದಿನಾರನ್ನು ಎಣಿಸಿ ನಾಲ್ಕನ್ನು ಕಳೆದವರು ಹೇಳಿದ ಕಥೆಯಂತೆ ತೋರುತ್ತದೆ.

ಇದೇ ಹಕ್ಕಿಯನ್ನು ಧರಿಸಿದ ಇನ್ನೊಂದು ಮನೆತನವೂ ಇಂತಹುದೇ ಕಥೆಯನ್ನು ಕಟ್ಟಿಕೊಂಡಿದೆ. ಲೊರೇನ್ ಪ್ರಾಂತದ ಡ್ಯೂಕರ ಚಿನ್ನದ ಗುರಾಣಿಯ ಮೇಲೆ ಓರೆಯಾಗಿ ಹಾಯ್ದ ಕೆಂಪು ಪಟ್ಟಿಯಲ್ಲಿ ಮೂರು ಬೆಳ್ಳಿಯ ಅಲೇರಿಯನ್ನುಗಳಿವೆ. ಧರ್ಮಯುದ್ಧದ ನಾಯಕ ಗಾಡ್‌ಫ್ರೆ ಜೆರುಸಲೇಮಿನ ಮುತ್ತಿಗೆಯಲ್ಲಿ ಒಂದೇ ಬಾಣದಿಂದ ಮೂರು ಹಕ್ಕಿಗಳನ್ನು ಹೊಡೆದುರುಳಿಸಿದನೆಂದು ಅದಕ್ಕೆ ಸಮರ್ಥನೆ. ಆದರೆ ರೋಮನ್ ಲಿಪಿಯಲ್ಲಿ ‘ಅಲೇರಿಯನ್’ ಎಂಬ ಪದದ ಅಕ್ಷರಗಳನ್ನು ಅದಲುಬದಲು ಮಾಡಿದರೆ ‘ಲೊರೇನ್’ ಎಂಬ ಹೆಸರೇ ದೊರೆಯುತ್ತದೆ. ಅದು ಬಾಣದ ಚಮತ್ಕಾರವಲ್ಲ, ಅಕ್ಷರದ ಚಮತ್ಕಾರ. ಹೆಸರನ್ನೇ ಚಿತ್ರವಾಗಿಸುವ ಇಂತಹ ‘ಮಾತನಾಡುವ ಲಾಂಛನ’ಗಳು ಯುರೋಪಿನಲ್ಲಿ ಹೇರಳವಾಗಿವೆ.

ಒಂದು ಮನೆತನದ ಎಲ್ಲರೂ ಒಂದೇ ಗುರಾಣಿಯನ್ನು ಯಥಾವತ್ತಾಗಿ ಧರಿಸುವಂತಿರಲಿಲ್ಲ. ಪೂರ್ಣ ಲಾಂಛನ ಹಿರಿಯ ಶಾಖೆಯ ಯಜಮಾನನದು. ಕಿರಿಯರು ಅದರಲ್ಲಿ ಒಂದು ವ್ಯತ್ಯಾಸವನ್ನು ಸೇರಿಸಬೇಕು. ಲಾವಾಲ್ ಶಾಖೆಯವರು ತಾಯಿಯ ಕಡೆಯ ಹೆಸರನ್ನು ಹೊತ್ತರೂ ತಂದೆಯ ಶಿಲುಬೆಯನ್ನು ಬಿಡದೆ ಅದರ ಮೇಲೆ ಐದು ಬೆಳ್ಳಿಯ ಸಮುದ್ರಚಿಪ್ಪುಗಳನ್ನು ಇರಿಸಿಕೊಂಡರು. ಹೆಸರು ಒಂದು ಕಡೆಯಿಂದ, ಗುರುತು ಇನ್ನೊಂದು ಕಡೆಯಿಂದ. ಹದಿನೇಳನೆಯ ಶತಮಾನದಲ್ಲಿ ವಿವಾಹದಿಂದ ಲಕ್ಸೆಂಬರ್ಗ್ ಬಿರುದನ್ನು ಪಡೆದ ಶಾಖೆ ಶಿಲುಬೆಯ ನಡುವೆ ಲಕ್ಸೆಂಬರ್ಗಿನ ಕೆಂಪು ಸಿಂಹವಿರುವ ಚಿಕ್ಕ ಬೆಳ್ಳಿಯ ಗುರಾಣಿಯನ್ನು ಕೂರಿಸಿತು. ಈ ಶಾಖೆಯ ಮಾರ್ಷಲ್ ಫ್ರಾನ್ಸ್ವಾ ಆಂರಿ (1628–1695) ಗೆದ್ದು ತಂದ ಶತ್ರುಧ್ವಜಗಳು ಪ್ಯಾರಿಸಿನ ನೋತ್ರ್ ದಾಮ್ ದೇವಾಲಯದಲ್ಲಿ ತೂಗಾಡುತ್ತಿದ್ದುದರಿಂದ ಅವನಿಗೆ ‘ನೋತ್ರ್ ದಾಮಿನ ಪರದೆ ಹೊಲಿಯುವವನು’ ಎಂಬ ಅಡ್ಡಹೆಸರು ಬಂದಿತು. ನಿಜವಾಗಿಯೂ ಧ್ವಜಗಳನ್ನು ಗೆದ್ದ ಈ ಮಾಂಟ್‌ಮೊರೆನ್ಸಿಗೆ ಗುರಾಣಿಯಲ್ಲಿ ಒಂದು ಹಕ್ಕಿಯೂ ಹೆಚ್ಚಲಿಲ್ಲ.

ಕಿರಿಯರು ಹಿರಿಯರಾದುದೂ, ಹಿರಿಯರು ಹೊರಬಿದ್ದುದೂ ಉಂಟು. ಹದಿನೈದನೆಯ ಶತಮಾನದಲ್ಲಿ ಎರಡನೆಯ ಜಾನ್ ದ ಮಾಂಟ್‌ಮೊರೆನ್ಸಿಯ ಇಬ್ಬರು ಹಿರಿಯ ಮಕ್ಕಳು ತಂದೆಯ ಮಾತು ಮೀರಿ ಬರ್ಗಂಡಿಯ ಡ್ಯೂಕನ ಪಕ್ಷ ಸೇರಿದರು. ತಂದೆ ಅವರ ಹಕ್ಕನ್ನು ತೆಗೆದುಹಾಕಿ ಕಿರಿಯ ಮಗನಿಗೆ ಎಲ್ಲವನ್ನೂ ಬಿಟ್ಟನು. ಹಿರಿಯ ಮಗ ಜಾನ್ ದ ನಿವೆಲ್ ಎಷ್ಟು ಕರೆದರೂ ಹಿಂದಿರುಗದ ನೆನಪು, ಕರೆದರೆ ಓಡಿಹೋಗುವ ನಾಯಿಯನ್ನು ಕುರಿತ ಫ್ರೆಂಚ್ ಗಾದೆಯೊಂದರಲ್ಲಿ ಅವನ ಹೆಸರಿನೊಂದಿಗೆ ಉಳಿದಿದೆ. ಅವನ ವಂಶದ ಫಿಲಿಪ್, ಹಾರ್ನ್ ಸೀಮೆಯ ಕೌಂಟ್, ಸ್ಪೇನಿನ ಆಳ್ವಿಕೆಯನ್ನು ವಿರೋಧಿಸಿದ ಆಪಾದನೆಯ ಮೇಲೆ 1568ರ ಜೂನ್ 5ರಂದು ಬ್ರಸೆಲ್ಸಿನಲ್ಲಿ ಶಿರಚ್ಛೇದಕ್ಕೆ ಗುರಿಯಾದನು.

ಕಿರಿಯ ಮಗನ ಮಗನೇ ಆನ್ ದ ಮಾಂಟ್‌ಮೊರೆನ್ಸಿ (1493–1567). ಹೆಣ್ಣಿನ ಹೆಸರು ಗಂಡಸಿಗೆ ಬಂದದ್ದು ಅವನ ಧರ್ಮಮಾತೆಯಾದ ಬ್ರಿಟನಿಯ ರಾಣಿ ಆನ್‌ಳಿಂದ. 1538ರಲ್ಲಿ ಕಾನ್‌ಸ್ಟೇಬಲ್ ಆಗಿ, 1551ರಲ್ಲಿ ಡ್ಯೂಕ್ ಪದವಿ ಪಡೆದ ಈತನ ಕಾಲದಲ್ಲಿ ಲಾಂಛನವು ರಣರಂಗವನ್ನು ಬಿಟ್ಟು ಗೋಡೆ, ಗಾಜು, ನೆಲಹಾಸುಗಳನ್ನೇರಿತು. ಅವನು ಕಟ್ಟಿಸಿದ ಎಕೂಆನ್ ಅರಮನೆಯಲ್ಲಿ, ಈಗ ಅದು ಪುನರುಜ್ಜೀವನ ಕಾಲದ ರಾಷ್ಟ್ರೀಯ ವಸ್ತುಸಂಗ್ರಹಾಲಯ, ರೂಆನ್ ನಗರದ ಕುಶಲಕರ್ಮಿ ಮಾಸೆಓ ಅಬಾಕೇನ್ ತಯಾರಿಸಿದ ಮೆರುಗಿನ ಬಿಲ್ಲೆಗಳ ನೆಲಹಾಸಿನಲ್ಲಿ ಈ ಗುರಾಣಿಯನ್ನೂ ‘ಹಾದಿ ತಪ್ಪದೆ’ ಎಂಬ ಅರ್ಥದ ‘ಅಪ್ಲಾನೋಸ್’ ಎಂಬ ಗ್ರೀಕ್ ನುಡಿಯನ್ನೂ ಕಾಣಬಹುದು. ಗುರಾಣಿಯ ಅಕ್ಕಪಕ್ಕ ಕಾನ್‌ಸ್ಟೇಬಲನ ಬಿಚ್ಚುಗತ್ತಿ ಇರುತ್ತದೆ. ಮಾಂಟ್‌ಮೊರೆನ್ಸಿ ಪಟ್ಟಣದ ಸಂತ ಮಾರ್ಟಿನ್ ದೇವಾಲಯದ ವರ್ಣಗಾಜಿನ ಕಿಟಕಿಗಳಲ್ಲಿ ನೀಲಿ ಹಕ್ಕಿಗಳ ಹಿಂಡೇ ಇದೆ.

ಆನ್‌ನ ಮೊಮ್ಮಗ ಎರಡನೆಯ ಆಂರಿ ಹಾದಿ ತಪ್ಪಿದನೆಂದು ರಾಜ್ಯ ತೀರ್ಮಾನಿಸಿತು. ಹದಿಮೂರನೆಯ ಲೂಯಿಯ ತಮ್ಮನ ದಂಗೆಯಲ್ಲಿ ಸೇರಿ, ಕಾಸ್ಟೆಲ್ನೋದಾರಿಯಲ್ಲಿ ಗಾಯಗೊಂಡು ಸೆರೆಸಿಕ್ಕ ಅವನನ್ನು 1632ರ ಅಕ್ಟೋಬರ್ 30ರಂದು ಟುಲೂಸ್ ನಗರದಲ್ಲಿ ಶಿರಚ್ಛೇದ ಮಾಡಲಾಯಿತು. ಅವನಿಗೆ ಮಕ್ಕಳಿರಲಿಲ್ಲ. ಆಸ್ತಿಯು ಅವನ ಅಕ್ಕ ಷಾರ್ಲಟಳ ಗಂಡನಾದ ಕೊಂಡೆ ರಾಜಕುಮಾರನಿಗೆ ಸಂದಿತು. 1689ರಲ್ಲಿ ಡ್ಯೂಕ್ ಪದವಿಯ ಹೆಸರನ್ನೇ ಆಂಗಿಆನ್ ಎಂದು ಬದಲಿಸಲಾಯಿತು. ಬೆಟ್ಟದ ಕೆಳಗಿನ ಸ್ನಾನಘಟ್ಟದ ಪಟ್ಟಣ ಇಂದಿಗೂ ಆಂಗಿಆನ್ ಎನಿಸಿಕೊಳ್ಳುವುದು ಇದರಿಂದಲೇ. ಮನೆತನದ ಕಿರಿಯ ಶಾಖೆಗಳು ಮಾತ್ರ ಹಳೆಯ ಹೆಸರನ್ನು ಹೊತ್ತು ಉಳಿದವು.

ಲಾಂಛನವೆಂದರೆ ಕುಲೀನತೆಯ ಪ್ರಮಾಣಪತ್ರ ಎಂಬ ಮತ್ತೊಂದು ತಪ್ಪು ಗ್ರಹಿಕೆಯನ್ನು ಇಲ್ಲಿ ಪ್ರಸ್ತಾಪಿಸಬೇಕು. ಫ್ರಾನ್ಸಿನಲ್ಲಿ ವರ್ತಕರು, ಕಸುಬಿನ ಸಂಘಗಳು, ರೈತರು ಕೂಡ ಲಾಂಛನವನ್ನು ಹೊಂದಿದ್ದರು. ಹದಿನಾಲ್ಕನೆಯ ಲೂಯಿ ಯುದ್ಧದ ಖರ್ಚಿಗಾಗಿ 1696ರಲ್ಲಿ ಎಲ್ಲ ಲಾಂಛನಗಳನ್ನೂ ಶುಲ್ಕ ತೆತ್ತು ನೋಂದಾಯಿಸಬೇಕೆಂದು ಆಜ್ಞೆ ಹೊರಡಿಸಿದಾಗ, ಶಾರ್ಲ್ ದೋಜಿಯೆಯ ಮೇಲ್ವಿಚಾರಣೆಯಲ್ಲಿ ಸುಮಾರು 1,20,000 ಲಾಂಛನಗಳು ಕಡತ ಸೇರಿದವು. ತಾವಾಗಿ ಮುಂದೆ ಬರದವರಿಗೆ ಅಧಿಕಾರಿಗಳೇ ಏನೋ ಒಂದು ಚಿತ್ರ ಗೀಚಿ ಶುಲ್ಕ ವಸೂಲು ಮಾಡಿದ್ದೂ ಉಂಟು. ಇಂದು ಹಲವು ಫ್ರೆಂಚ್ ಅಡ್ಡಹೆಸರುಗಳಿಗೆ ‘ಪ್ರಾಚೀನ ಲಾಂಛನ’ವೆಂದು ಚೌಕಟ್ಟು ಹಾಕಿ ಮಾರುವವರ ಮೂಲಾಧಾರ ಈ ತೆರಿಗೆ ಕಡತವೇ ಆಗಿರುವ ಸಂಭವವುಂಟು. ಲಾಂಛನ ಸೇರುವುದು ಒಂದು ನಿರ್ದಿಷ್ಟ ವಂಶಕ್ಕೆ, ಅಡ್ಡಹೆಸರಿಗಲ್ಲ. ಒಂದೇ ಹೆಸರಿನ ನೂರು ಕುಟುಂಬಗಳಿಗೆ ಒಂದೇ ಗುರಾಣಿ ಇರಲಾರದು.

ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಹೆಸರು ಮತ್ತು ಲಾಂಛನ ಎರಡೂ ಒಟ್ಟಿಗೆ ಕಟಕಟೆಯಲ್ಲಿ ನಿಂತವು. 1790ರ ಜೂನ್ 19ರ ರಾತ್ರಿ ರಾಷ್ಟ್ರೀಯ ಸಭೆ ಆನುವಂಶಿಕ ಕುಲೀನತೆಯನ್ನೂ ಬಿರುದುಗಳನ್ನೂ ರದ್ದುಪಡಿಸಿತು. ವಂಶಲಾಂಛನಗಳನ್ನೂ ತೆಗೆದುಹಾಕಬೇಕೆಂದು ಅಂದು ಎದ್ದು ನಿಂತು ಒತ್ತಾಯಿಸಿದವನು ಬೇರೆ ಯಾರೂ ಅಲ್ಲ, ಲಾವಾಲ್ ಶಾಖೆಯ ತರುಣ ಮಾಥ್ಯೂ ದ ಮಾಂಟ್‌ಮೊರೆನ್ಸಿ. ಅವನಿಗಾಗ 22 ವರ್ಷ. ಪ್ರತಿಯೊಬ್ಬನೂ ತನ್ನ ಮನೆತನದ ನಿಜವಾದ ಹೆಸರನ್ನೇ ಬಳಸಬೇಕೆಂದು ಶಾಸನವಾಯಿತು. ಮಿರಾಬೋ ‘ರಿಕೆಟಿ’ ಆಗಿ, ಲಫಯೆತ್ ‘ಮೋತಿಯೆ’ ಆಗಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡರು. ಆದರೆ ಜಹಗೀರಿನ ಹೆಸರನ್ನು ಕಳಚಿದರೆ ಮಾಂಟ್‌ಮೊರೆನ್ಸಿಗಳ ನಿಜವಾದ ಹೆಸರಾವುದು? ಎಂಟು ಶತಮಾನ ಹಿಂದೆ ಹೋದರೆ ಸಿಗುವುದು ಬುಷಾರ್ ಎಂಬ ವ್ಯಕ್ತಿನಾಮ ಮಾತ್ರ. ಹೆಸರು ಊರಿನದೋ ಕುಲದ್ದೋ ಎಂಬ ಪ್ರಶ್ನೆಗೆ ಶಾಸನದಲ್ಲಿ ಉತ್ತರವಿರಲಿಲ್ಲ. ಮಾಥ್ಯೂ ಮುಂದೆ ತನ್ನ ಯೌವನದ ಮಾತಿಗೆ ಪಶ್ಚಾತ್ತಾಪಪಟ್ಟು, ರಾಜಪ್ರಭುತ್ವ ಮರಳಿದ ಮೇಲೆ ವಿದೇಶಾಂಗ ಮಂತ್ರಿಯಾಗಿ, 1826ರ ಗುಡ್ ಫ್ರೈಡೇ ದಿನ ಚರ್ಚಿನಲ್ಲಿ ಪ್ರಾರ್ಥಿಸುತ್ತಿರುವಾಗಲೇ ಕೊನೆಯುಸಿರೆಳೆದನು.

ಕ್ರಾಂತಿಯ ಅಧಿಕಾರಿಗಳು ಊರನ್ನೂ ಬಿಡಲಿಲ್ಲ. ಅದಕ್ಕೆ ‘ಎಮಿಲ್’ ಎಂದು ಹೆಸರಿಟ್ಟರು. ತತ್ತ್ವಜ್ಞಾನಿ ರೂಸೋ 1756ರಿಂದ 1762ರವರೆಗೆ ಆ ಊರಿನಲ್ಲಿ ವಾಸವಾಗಿದ್ದು, ಶಿಕ್ಷಣವನ್ನು ಕುರಿತ ತನ್ನ ಪ್ರಸಿದ್ಧ ಕೃತಿ ‘ಎಮಿಲ್’ ಅನ್ನು ಅಲ್ಲಿಯೇ ರಚಿಸಿದ್ದನು. ಆಗ ಅವನಿಗೆ ಆಶ್ರಯವಿತ್ತವನು ಲಕ್ಸೆಂಬರ್ಗ್ ಶಾಖೆಯ ಮಾರ್ಷಲ್, ಅಂದರೆ ಹುಟ್ಟಿನಿಂದ ಮಾಂಟ್‌ಮೊರೆನ್ಸಿಯೇ ಆದವನು ಎಂಬುದನ್ನು ಹೆಸರು ಬದಲಿಸಿದವರು ನೆನೆದಂತಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಊರಿಗೆ ಹಳೆಯ ಹೆಸರು ಮರಳಿತು. ಆ ಕಣಿವೆಯ ಹುಳಿಚೆರ್ರಿ ಹಣ್ಣಿಗೂ ಕೆನಡಾದ ಕ್ವಿಬೆಕ್ ಬಳಿಯ ಜಲಪಾತಕ್ಕೂ ಈ ಹೆಸರಿರುವುದರಿಂದ ಅದನ್ನು ಲೋಕದಿಂದ ಅಳಿಸುವುದು ಹೇಗೂ ಸಾಧ್ಯವಿರಲಿಲ್ಲ.

ಮನೆತನ ಕ್ಷೀಣಿಸಿದಂತೆ ಹೆಸರಿನ ಬೆಲೆ ಏರಿತು. ಹಿರಿಯ ಶಾಖೆಯ ಕೊನೆಯ ಡ್ಯೂಕ್ 1862ರಲ್ಲಿ ಸಂತಾನವಿಲ್ಲದೆ ತೀರಿಕೊಂಡಾಗ, ಮೂರನೆಯ ನೆಪೋಲಿಯನ್ 1864ರಲ್ಲಿ ಆ ಬಿರುದನ್ನು ಮೃತನ ಸೋದರಳಿಯನಾದ ಅಡಾಲ್ಬೆರ್ ದ ತಾಲೆರಾನ್ ಪೆರಿಗೋರ್‌ನಿಗೆ ದಯಪಾಲಿಸಿದನು. ಬಂಧುವರ್ಗದವರು ಪ್ರತಿಭಟಿಸಿ ನ್ಯಾಯಾಲಯಕ್ಕೆ ಹೋದರು. ಹೆಸರು ರಕ್ತದ ಸ್ವತ್ತೋ, ದೊರೆಯ ಕೊಡುಗೆಯೋ ಎಂಬುದೇ ವಾದದ ತಿರುಳು. ಬಿರುದು ತಾಲೆರಾನರಲ್ಲಿಯೇ ಉಳಿದು, 1951ರಲ್ಲಿ ಅಡಾಲ್ಬೆರನ ಮಗನ ಮರಣದೊಂದಿಗೆ ಕೊನೆಗೊಂಡಿತು. ಲಾಂಛನವು ಹೆಸರಿನ ಅಂಗವೇ ಆಗಿದ್ದು ಅದರೊಂದಿಗೇ ರಕ್ಷಣೆಗೆ ಅರ್ಹವೆಂದು ಪ್ಯಾರಿಸಿನ ಮೇಲ್ಮನವಿ ನ್ಯಾಯಾಲಯ 1949ರಲ್ಲಿ ಎತ್ತಿಹಿಡಿದಿದೆ.

ಸಮುದ್ರದಾಚೆಯೂ ಈ ಹೆಸರಿಗೆ ಹಕ್ಕುದಾರರು ಹುಟ್ಟಿದರು. ಹನ್ನೆರಡನೆಯ ಶತಮಾನದಲ್ಲಿ ಐರ್ಲೆಂಡಿನ ಮೇಲೆ ದಂಡೆತ್ತಿ ಹೋದ ಆಂಗ್ಲೋ ನಾರ್ಮನ್ ಸರದಾರರಲ್ಲಿ ‘ಮಾಂಟ್ ಮಾರಿಸ್’ನ ಹರ್ವೆ ಎಂಬುವನೊಬ್ಬನಿದ್ದನು. ಐರ್ಲೆಂಡಿನ ಮಾರೆಸ್ ಎಂಬ ಕುಟುಂಬದವರು ಅವನನ್ನು ಮಾಂಟ್‌ಮೊರೆನ್ಸಿಯೆಂದೂ ತಮ್ಮನ್ನು ಅವನ ಕುಲದವರೆಂದೂ ಸಾರಿಕೊಂಡು, 1815ರಲ್ಲಿ ಅರಸನ ಪರವಾನಗಿ ಪಡೆದು ‘ದ ಮಾಂಟ್‌ಮೊರೆನ್ಸಿ’ ಎಂದು ಹೆಸರು ಬದಲಿಸಿಕೊಂಡರು. ಅವರಲ್ಲೊಬ್ಬರು ತಮ್ಮ ವಾದಕ್ಕೆ ಗ್ರಂಥಗಳನ್ನೂ ಬರೆದರು. ಫ್ರಾನ್ಸಿನ ಮೂಲ ಮನೆತನ ಈ ನೆಂಟಸ್ತಿಕೆಯನ್ನು ಒಪ್ಪಲಿಲ್ಲ. ಇಂಗ್ಲೆಂಡಿನ ಇತಿಹಾಸಕಾರ ಜೆ. ಹೋರೇಸ್ ರೌಂಡ್ 1895ರಲ್ಲಿ ಪ್ರಕಟವಾದ ತನ್ನ ‘ಫ್ಯೂಡಲ್ ಇಂಗ್ಲೆಂಡ್’ ಗ್ರಂಥದ ಒಂದು ಲೇಖನದಲ್ಲಿ, ಮಾಂಟ್ ಮಾರಿಸ್ ಮತ್ತು ಮಾಂಟ್‌ಮೊರೆನ್ಸಿ ಬೇರೆ ಬೇರೆ ಎಂದು ತೋರಿಸಿ, ಇಡೀ ವಂಶಾವಳಿಯನ್ನು ‘ವಂಚನೆ’ ಎಂದೇ ಕರೆದನು. ರೌಂಡನ ನಾಲಗೆ ಹರಿತವಾದದ್ದು. ಆದರೆ ಈ ವಿಷಯದಲ್ಲಿ ಅವನ ಪ್ರಮಾಣಗಳನ್ನು ಅಲ್ಲಗಳೆಯುವುದು ಕಷ್ಟ. ಪರವಾನಗಿಯಿಂದ ದೊರೆತ ಹೆಸರಾದರೋ ಕಾನೂನಿನ ದೃಷ್ಟಿಯಲ್ಲಿ ಊರ್ಜಿತವಾಗಿಯೇ ಉಳಿಯಿತು.

ಆ ಹೆಸರು ಭಾರತಕ್ಕೆ ಬಂದದ್ದು ಈ ಐರಿಷ್ ದಾರಿಯಿಂದ. ಇಂಡಿಯನ್ ಸಿವಿಲ್ ಸರ್ವಿಸಿನ ಸರ್ ಜೆಫ್ರಿ ದ ಮಾಂಟ್‌ಮೊರೆನ್ಸಿ 1928ರಿಂದ 1933ರವರೆಗೆ ಪಂಜಾಬ್ ಪ್ರಾಂತದ ಗವರ್ನರ್ ಆಗಿದ್ದನು. 1930ರ ಡಿಸೆಂಬರ್ 23ರಂದು ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದ ಘಟಿಕೋತ್ಸವ ಮುಗಿಯುತ್ತಿದ್ದಂತೆ, ಮರ್ದಾನ್ ಕಡೆಯ ತರುಣ ಕ್ರಾಂತಿಕಾರಿ ಹರಿಕಿಶನ್ ಅವನ ಮೇಲೆ ಗುಂಡು ಹಾರಿಸಿದನು. ಗವರ್ನರ್ ಗಾಯಗೊಂಡು ಬದುಕಿದನು. ಚನನ್ ಸಿಂಗ್ ಎಂಬ ಪೊಲೀಸ್ ಅಧಿಕಾರಿ ಮೃತಪಟ್ಟನು. ಅಂದಿನ ಘಟಿಕೋತ್ಸವ ಭಾಷಣ ಮಾಡಿದವರು, 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವೆಪಲ್ಲಿ ರಾಧಾಕೃಷ್ಣನ್. ಹರಿಕಿಶನ್‌ನನ್ನು 1931ರ ಜೂನ್ 9ರಂದು ಗಲ್ಲಿಗೇರಿಸಲಾಯಿತು. 1934ರಲ್ಲಿ ಲಾಹೋರಿನಲ್ಲಿ ಆರಂಭವಾದ ದಂತವೈದ್ಯ ಕಾಲೇಜಿಗೆ ಆ ಗವರ್ನರನ ಹೆಸರನ್ನು ಇಡಲಾಯಿತು. ದೇಶವಿಭಜನೆಯ ಅನಂತರವೂ ಅದು ಡಿ ಮಾಂಟ್‌ಮೊರೆನ್ಸಿ ಕಾಲೇಜ್ ಎಂದೇ ನಡೆದುಕೊಂಡು ಬಂದಿದೆ.